ವಡಾಲದ ಉಪ್ಪಿಗೂ ಮೋಟೆಬೆನ್ನೂರಿಗೂ ಏನು ನಂಟು? ದಂಡಿಗೆ ನಡೆದ ಏಕೈಕ ಕನ್ನಡಿಗ ಮೈಲಾರ ಮಹಾದೇವಪ್ಪ

ಮುಂಬೈನ ವಡಾಲ ಎಂದರೆ ಇವತ್ತಿನವರಿಗೆ ಹಾರ್ಬರ್ ಲೈನ್ ಎರಡಾಗಿ ಕವಲೊಡೆಯುವ ಸ್ಟೇಷನ್. ಆಷಾಢ ಏಕಾದಶಿ ಬಂದರೆ ಪಂಢರಾಪುರಕ್ಕೆ ಹೋಗಲಾಗದವರು ಸಾಲುಗಟ್ಟಿ ನಿಲ್ಲುವ ವಿಠೋಬನ ಗುಡಿ. ಆದರೆ 1930ರ ಬೇಸಿಗೆಯಲ್ಲಿ ವಡಾಲದ ಹೆಸರು ದೇಶವೆಲ್ಲ ಕೇಳಿಬಂದದ್ದು ಉಪ್ಪಿನಿಂದ. ಇಲ್ಲಿನ ಸರ್ಕಾರಿ ಉಪ್ಪಿನ ಕೋಠಿಗೆ ಮೇ ತಿಂಗಳಲ್ಲಿ ಸತ್ಯಾಗ್ರಹಿಗಳು ಮತ್ತೆ ಮತ್ತೆ ನುಗ್ಗಿದರು. ಜೂನ್ 1ರಂದು ಸುಮಾರು 15,000 ಜನ ಸೇರಿದರು. ಪೊಲೀಸರ ಲಾಠಿ ದಾಟಿ, ಕೆಸರಿನಲ್ಲಿ ಓಡಿ, ಕೈಗೆ ಸಿಕ್ಕಷ್ಟು ಉಪ್ಪನ್ನು ಹೊತ್ತು ತಂದರು.

ಆ ಸಾವಿರಾರು ಜನರ ದಾರಿಗೆ ಮೊದಲ ಹೆಜ್ಜೆ ಬಿದ್ದದ್ದು ಅದಕ್ಕೂ ಎರಡೂವರೆ ತಿಂಗಳು ಹಿಂದೆ, ಗುಜರಾತಿನ ಸಾಬರಮತಿ ಆಶ್ರಮದಲ್ಲಿ. ಗಾಂಧೀಜಿಯ ಜೊತೆ ಹೊರಟವರು 78 ಮಂದಿ. ಅವರಲ್ಲಿ ಒಬ್ಬನೇ ಒಬ್ಬ ಕನ್ನಡಿಗನಿದ್ದ. ವಯಸ್ಸು ಹದಿನೆಂಟು. ಹೆಸರು ಮಹಾದೇವಪ್ಪ.

ಮೆಣಸಿನಕಾಯಿ ನಾಡಿನ ಹುಡುಗ

ಮಹಾದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು, ಈಗಿನ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಆಗ ಆ ಊರು ಧಾರವಾಡ ಜಿಲ್ಲೆಗೆ ಸೇರಿತ್ತು, ಧಾರವಾಡ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಮೋಟೆಬೆನ್ನೂರಿನ ರೈತ ಕಟ್ಟುವ ಕಂದಾಯಕ್ಕೂ ವಡಾಲದ ಉಪ್ಪಿನ ಕೋಠಿಗೆ ನಿಂತ ಕಾವಲಿಗೂ ರಾಜಧಾನಿ ಒಂದೇ, ಮುಂಬೈ.

ಊರಿನಲ್ಲಿ, ಬಳಿಕ ಹಂಸಭಾವಿಯಲ್ಲಿ ಓದಿದ ಹುಡುಗನನ್ನು ಶಾಲೆಗಿಂತ ಹೆಚ್ಚಾಗಿ ಸೆಳೆದದ್ದು ಖಾದಿ. ನೂಲುವುದು, ಖಾದಿ ಮಾರುವುದು, ಅದರ ಬಗ್ಗೆ ಜನರಿಗೆ ತಿಳಿಹೇಳುವುದು ಅವರ ಕೆಲಸವಾಯಿತು. ಅದೇ ದಾರಿ ಅವರನ್ನು ಸಾಬರಮತಿಗೆ ಕರೆದೊಯ್ದಿತು. ಉಪ್ಪಿನ ಕಾನೂನು ಮುರಿಯಲು ಹೊರಡುವ ತಂಡದಲ್ಲಿ ದೇಶದ ಬೇರೆ ಬೇರೆ ಕಡೆಯವರು ಇರಬೇಕೆಂದು ಗಾಂಧೀಜಿ ಆರಿಸಿದಾಗ ಕರ್ನಾಟಕದ ಪಾಲಿಗೆ ಬಂದ ಹೆಸರು ಮಹಾದೇವಪ್ಪನವರದು. ಯಾತ್ರಿಕರ ಪಟ್ಟಿಯಲ್ಲಿ ಅವರು ತಂದೆಯ ಹೆಸರು ಸೇರಿ ಮಹಾದೇವ ಮಾರ್ತಾಂಡ ಎಂದು ದಾಖಲಾಗಿದ್ದಾರೆ.

24 ದಿನ, 240 ಮೈಲಿ

1930ರ ಮಾರ್ಚ್ 12ರ ಬೆಳಗ್ಗೆ ನಡಿಗೆ ಶುರುವಾಯಿತು. ದಂಡಿ ಇದ್ದದ್ದು 240 ಮೈಲಿ ದೂರದಲ್ಲಿ, ಅಂದರೆ ಸುಮಾರು 385 ಕಿಲೋಮೀಟರ್. ಬಿಸಿಲು ಏರುವ ಮುನ್ನ ಒಂದು ಊರು, ಇಳಿದ ಮೇಲೆ ಇನ್ನೊಂದು ಊರು. ಸೋಮವಾರ ಗಾಂಧೀಜಿಗೆ ಮೌನದ ದಿನ, ಹಾಗಾಗಿ ನಡಿಗೆಗೂ ಬಿಡುವು. 60ರ ಗಾಂಧೀಜಿ ಕೋಲು ಹಿಡಿದು ಮುಂದೆ ನಡೆಯುತ್ತಿದ್ದರೆ ಹಿಂದಿದ್ದ ಯುವಕರು ಹೆಜ್ಜೆ ಸರಿಗಟ್ಟಲು ಏದುಸಿರು ಬಿಡುತ್ತಿದ್ದರು. ಕೆಲವರ ಕಾಲಲ್ಲಿ ಬೊಬ್ಬೆ ಎದ್ದವು, ಕೆಲವರು ಕಾಯಿಲೆ ಬಿದ್ದರು.

ಹೆಗಲಿಗೆ ಒಂದೇ ಚೀಲ. ಅದರಲ್ಲಿ ಹಾಸಿಗೆ, ಬದಲಿಗೊಂದು ಜೊತೆ ಬಟ್ಟೆ, ನೂಲಲು ತಕಲಿ. ಪ್ರಾರ್ಥನೆ ತಪ್ಪುವಂತಿಲ್ಲ, ದಿನದ ನೂಲು ಬಿಡುವಂತಿಲ್ಲ, ದಿನಚರಿ ಬರೆಯದೆ ಮಲಗುವಂತಿಲ್ಲ. ತಂಗುವ ಹಳ್ಳಿಗಳಿಗೆ ಗಾಂಧೀಜಿ ಊಟದ ವಿವರವನ್ನೂ ಮೊದಲೇ ತಿಳಿಸಿದ್ದರು. ಭಾಕ್ರಿ, ಬೇಯಿಸಿದ ತರಕಾರಿ, ಹಾಲು ಅಥವಾ ಮಜ್ಜಿಗೆ, ರಾತ್ರಿ ಖಿಚಡಿ. ಎಣ್ಣೆ ಬೇಡ, ಮಸಾಲೆ ಬೇಡ, ಹಸಿಯದಾಗಲಿ ಒಣಗಿದ್ದಾಗಲಿ ಮೆಣಸಿನಕಾಯಿಯೂ ಬೇಡ. ಬ್ಯಾಡಗಿ ಸೀಮೆಯ ಹುಡುಗನಿಗೆ ಇದೇ ಒಂದು ಸತ್ಯಾಗ್ರಹ!

ಇಡೀ ದಾರಿಯಲ್ಲಿ ಕಷ್ಟದ ಹಾದಿ ಮಹಿ ನದಿಯದು. ಮಾರ್ಚ್ 19ರ ರಾತ್ರಿ ಕಂಕಾಪುರದ ಬಳಿ ನದಿ ದಾಟಬೇಕಿತ್ತು. ಸಮುದ್ರಕ್ಕೆ ಹತ್ತಿರವಿರುವ ಆ ನದಿಯಲ್ಲಿ ನೀರು ಏರಿಳಿಯುತ್ತದೆ, ಇಳಿದಾಗ ಉಳಿಯುವುದು ಕೆಸರು. ಸ್ವಲ್ಪ ದೂರ ದೋಣಿ, ಉಳಿದದ್ದು ಕತ್ತಲಲ್ಲಿ ಕಾಲು ಹೂತುಹೋಗುವ ಕೆಸರಿನಲ್ಲಿ ನಡಿಗೆ. ಮುಂದೆ ಜಂಬೂಸರ, ಭರೂಚ್. ಏಪ್ರಿಲ್ 1ರಂದು ಸೂರತ್, 5ರಂದು ದಂಡಿ. ಮರುದಿನ ಬೆಳಗ್ಗೆ ಗಾಂಧೀಜಿ ಕಡಲ ದಡದಲ್ಲಿ ಒಂದು ಹಿಡಿ ಉಪ್ಪು ಎತ್ತಿದರು.

ಅಂಕೋಲಾದಿಂದ ವಡಾಲದವರೆಗೆ

ನಡಿಗೆ ಮುಗಿದ ಮೇಲೆ ಚಳವಳಿ ಹಬ್ಬಿತು. ಏಪ್ರಿಲ್ 13ರಂದು ಉತ್ತರ ಕನ್ನಡದ ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿ ಅವರ ನಾಯಕತ್ವದಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಮೇ 5ರಂದು ಗಾಂಧೀಜಿಯ ಬಂಧನವಾಯಿತು. ಮೇ 21ರಂದು ಧರಾಸಣದಲ್ಲಿ ಸತ್ಯಾಗ್ರಹಿಗಳ ತಲೆ ಮೇಲೆ ಲಾಠಿ ಬಿತ್ತು. ಅದೇ ಹೊತ್ತಿಗೆ ಮುಂಬೈ ನಗರದ ಜನ ವಡಾಲದತ್ತ ಹೊರಟರು. ಅವರಿಗೆ 24 ದಿನ ನಡೆಯುವ ಅಗತ್ಯವಿರಲಿಲ್ಲ. ಆದರೆ ಪೆಟ್ಟು ಬೀಳುತ್ತದೆ ಎಂದು ಗೊತ್ತಿದ್ದೂ ಎದುರಿಗೆ ನಡೆಯುವ ಧೈರ್ಯವನ್ನು ಜನಕ್ಕೆ ತುಂಬಿದ್ದು ಆ 24 ದಿನಗಳೇ.

ಮಹಾದೇವಪ್ಪ ಜೈಲು ಕಂಡರು. ಪತ್ನಿ ಸಿದ್ಧಮ್ಮ ಕೂಡ ಸಾಬರಮತಿ ಆಶ್ರಮ ಸೇರಿ, ಚಳವಳಿಗೆ ಇಳಿದು ಸೆರೆವಾಸ ಅನುಭವಿಸಿದರು. ದಂಡಿಗೆ ಹೋಗಿ ಬಂದವರು ಎಂಬ ಹೆಸರೊಂದನ್ನೇ ಇಟ್ಟುಕೊಂಡು ಮಹಾದೇವಪ್ಪ ನಾಯಕರಾಗಿ ಮೆರೆಯಬಹುದಿತ್ತು. ಅವರು ಮಾಡಿದ್ದು ಬೇರೆ. ಹಾವೇರಿ ಹತ್ತಿರದ ಕೊರಡೂರಿನಲ್ಲಿ ಆಶ್ರಮ ಕಟ್ಟಿ ಖಾದಿ, ಗ್ರಾಮಸೇವೆಯ ಕೆಲಸಕ್ಕೆ ಕೂತರು. ಗುಜರಾತಿನ ಹಳ್ಳಿಗಳಲ್ಲಿ ಕಲಿತ ಸರಳ ಬದುಕು ವರದಾ ತೀರದ ಹಳ್ಳಿಗಳಲ್ಲಿ ಮುಂದುವರಿಯಿತು.

ಹೊಸರಿತ್ತಿಯಲ್ಲಿ ಕೊನೆಯ ಹೆಜ್ಜೆ

1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಕರೆ ಬಂತು. ದೊಡ್ಡ ನಾಯಕರೆಲ್ಲ ಜೈಲು ಸೇರಿದರು. ಮಹಾದೇವಪ್ಪ ಭೂಗತರಾದರು. ಹಾವೇರಿ ಸುತ್ತಮುತ್ತ ಅವರ ತಂಡ ಬ್ರಿಟಿಷ್ ಆಡಳಿತದ ನರಗಳಂತಿದ್ದ ರೈಲು ನಿಲ್ದಾಣ, ಗ್ರಾಮ ಚಾವಡಿಗಳ ಮೇಲೆ ದಾಳಿ ಮಾಡಿತು. ಕಾನೂನು ಮುರಿದು ಸುಮ್ಮನೆ ಕೈಕೋಳಕ್ಕೆ ಕೈಯೊಡ್ಡುವ ದಂಡಿಯ ಪಾಠಕ್ಕೂ, ಬಚ್ಚಿಟ್ಟುಕೊಂಡು ಸರ್ಕಾರದ ಆಸ್ತಿಗೆ ಪೆಟ್ಟು ಕೊಡುವ ಈ ದಾರಿಗೂ ಅಂತರವಿದೆ. 1942ರಲ್ಲಿ ಎಷ್ಟೋ ಗಾಂಧಿವಾದಿಗಳು ಎದುರಿಸಿದ ಸಂಕಟ ಅದು. ಮಹಾದೇವಪ್ಪ ಎರಡನೆಯದನ್ನು ಆರಿಸಿಕೊಂಡರು, ಅದರ ಬೆಲೆಯನ್ನೂ ತೆತ್ತರು.

1943ರ ಏಪ್ರಿಲ್ 1. ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಸರ್ಕಾರ ವಸೂಲಿ ಮಾಡಿದ ಕಂದಾಯದ ಹಣವಿತ್ತು. ಅದನ್ನು ವಶಪಡಿಸಿಕೊಳ್ಳಲು ತಂಡ ನುಗ್ಗಿದಾಗ ಕಾವಲಿದ್ದ ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಹುತಾತ್ಮರಾದರು. ಮಹಾದೇವಪ್ಪನವರಿಗೆ ಆಗ 32 ಕೂಡ ತುಂಬಿರಲಿಲ್ಲ. ಹದಿಮೂರು ವರ್ಷದ ಹಿಂದೆ ಇದೇ ತಾರೀಖಿನಂದು ಅವರು ಗಾಂಧೀಜಿಯ ಹಿಂದೆ ಸೂರತ್ ಪ್ರವೇಶಿಸಿದ್ದರು.

ಸ್ವಾತಂತ್ರ್ಯ ಬಂದದ್ದು ಇನ್ನು ನಾಲ್ಕು ವರ್ಷಕ್ಕೆ. ಉಪ್ಪಿನ ತೆರಿಗೆ ರದ್ದಾದದ್ದೂ 1947ರಲ್ಲೇ. ಎರಡನ್ನೂ ನೋಡಲು ಅವರು ಇರಲಿಲ್ಲ.

ಇಂದು ಹಾವೇರಿಯ ರೈಲು ನಿಲ್ದಾಣಕ್ಕೆ ಮಹಾದೇವಪ್ಪ ಮೈಲಾರ ಅವರ ಹೆಸರಿದೆ, ಊರಿನಲ್ಲಿ ಸ್ಮಾರಕವೂ ಇದೆ. ಹುಬ್ಬಳ್ಳಿ ಕಡೆಯಿಂದಲೋ ಬೆಂಗಳೂರು ಕಡೆಯಿಂದಲೋ ಬರುವ ರೈಲು ಅಲ್ಲಿ ಒಂದೆರಡು ನಿಮಿಷ ನಿಂತು ಹೊರಡುತ್ತದೆ. ಕಿಟಕಿಯಿಂದ ಆ ಫಲಕ ಕಂಡರೆ, 385 ಕಿಲೋಮೀಟರ್ ಕಾಲ್ನಡಿಗೆಯಲ್ಲೇ ಹೋದ ಹದಿನೆಂಟರ ಹುಡುಗನನ್ನೊಮ್ಮೆ ನೆನೆಯಿರಿ. ವಡಾಲದಲ್ಲಿ ಇಳಿಯುವ ಮುಂಬೈ ಕನ್ನಡಿಗರಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಜನ ಬಾಚಿ ತಂದ ಉಪ್ಪಿನಲ್ಲಿ ಮೋಟೆಬೆನ್ನೂರಿನ ಪಾಲೂ ಒಂದಿಷ್ಟಿದೆ.