ಗಡಿಯ ನ್ಯಾಯಮೂರ್ತಿ ಮಹಾಜನ್

1889ರಲ್ಲಿ ಕಾಂಗ್ರಾ ಜಿಲ್ಲೆಯಲ್ಲಿ ಹುಟ್ಟಿದ ಮೆಹರ್ ಚಂದ್ ಮಹಾಜನ್, 1947ರಲ್ಲಿ ಪಂಜಾಬ್ ಗಡಿ ಆಯೋಗದ ಸದಸ್ಯರಾಗಿದ್ದರು. ದೇಶವಿಭಜನೆಯ ರಕ್ತಪಾತ ಅವರ ಕಾಲದಲ್ಲೇ, ಅವರ ಪ್ರಾಂತದಲ್ಲೇ ನಡೆಯಿತು. ಅದೇ ವರ್ಷ ಜಮ್ಮು-ಕಾಶ್ಮೀರದ ಪ್ರಧಾನಿ, 1954ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು.

1966ರಲ್ಲಿ ಮೈಸೂರು-ಮಹಾರಾಷ್ಟ್ರ ಗಡಿವ್ಯಾಜ್ಯ ಅವರ ಮುಂದೆ ಬಂತು. ಬೆಳಗಾವಿ ಮೈಸೂರಿನಲ್ಲೇ ಇರಲಿ, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ, ನಮ್ಮ ಜತ್ತ ತಾಲೂಕಿನ ಕನ್ನಡ ಹಳ್ಳಿಗಳು ಮೈಸೂರಿಗೆ ಸೇರಲಿ ಎಂದು 1967ರ ಆಗಸ್ಟಿನಲ್ಲಿ ವರದಿ ಕೊಟ್ಟರು. ಮಹಾರಾಷ್ಟ್ರ ಒಪ್ಪಲಿಲ್ಲ, ವರದಿ ಜಾರಿಯಾಗಲಿಲ್ಲ. ಆ ಡಿಸೆಂಬರಿನಲ್ಲೇ ಮಹಾಜನ್ ತೀರಿಕೊಂಡರು.

ಜತ್ತ ಮಹಾರಾಷ್ಟ್ರದಲ್ಲೇ ಉಳಿಯಿತು. ಕನ್ನಡ ಜತ್ತದ ಮನೆಗಳಲ್ಲಿ ಉಳಿಯಿತು. ಗೆರೆ ಎಳೆಯುವುದು ನ್ಯಾಯಮೂರ್ತಿಗಳ ಕೆಲಸ. ಗೆರೆಯ ಎರಡೂ ಬದಿಯವರನ್ನು ನೆರೆಯವರೆಂದು ಪ್ರೀತಿಸುವುದು ನಮ್ಮದು. ಮನೆಯ ಜಪಮಾಲೆಯನ್ನು ಕನ್ನಡದಲ್ಲೇ ಹೇಳೋಣ. ಪಕ್ಕದ ಮರಾಠಿ ಕುಟುಂಬವನ್ನೂ ಅದರಲ್ಲಿ ನೆನೆಯೋಣ.