ಅಜ್ಜಮಾಡ ಬೊಪ್ಪಯ್ಯ ದೇವಯ್ಯ

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ (24 ಡಿಸೆಂಬರ್ 1932 – 7 ಸೆಪ್ಟೆಂಬರ್ 1965) ಭಾರತೀಯ ವಾಯುಪಡೆಯ ಯುದ್ಧವಿಮಾನ ಚಾಲಕರು. ಕೊಡಗಿನವರಾದ ಇವರು 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಪಾಲ್ಗೊಂಡು, ತಮ್ಮ ವಿಮಾನಕ್ಕಿಂತ ಬಹಳ ವೇಗವುಳ್ಳ ಶತ್ರುವಿಮಾನದೊಡನೆ ಏಕಾಂಗಿಯಾಗಿ ಸೆಣಸಿ ವೀರಮರಣವನ್ನಪ್ಪಿದರು. ಆ ಶತ್ರುವಿಮಾನವೂ ಅದೇ ಕಾಳಗದಲ್ಲಿ ನೆಲಕ್ಕುರುಳಿತು. 23 ವರ್ಷಗಳ ಬಳಿಕ, 1988ರಲ್ಲಿ, ಇವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಲಭಿಸಿತು.

ಜನನ ಮತ್ತು ವೃತ್ತಿಜೀವನ

ದೇವಯ್ಯನವರು ಕೊಡಗಿನಲ್ಲಿ ಜನಿಸಿದರು. ಕೊಡವರ ರೂಢಿಯಂತೆ ಅವರ ಹೆಸರಿನಲ್ಲಿ ಅಜ್ಜಮಾಡ ಎಂಬುದು ಮನೆತನವನ್ನೂ ಬೊಪ್ಪಯ್ಯ ಎಂಬುದು ತಂದೆಯನ್ನೂ ಸೂಚಿಸುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹಾಗೂ ಜನರಲ್ ತಿಮ್ಮಯ್ಯ ಅವರಂತಹ ಸೇನಾನಿಗಳನ್ನು ನೀಡಿದ ಈ ನಾಡಿನಿಂದ ಬಂದ ಅವರು 1954ರಲ್ಲಿ ಚಾಲಕರಾಗಿ ವಾಯುಪಡೆಯನ್ನು ಸೇರಿದರು. 1965ರ ಯುದ್ಧಕಾಲದಲ್ಲಿ, ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ನಲ್ಲಿ ಸೇವೆಯಲ್ಲಿದ್ದರು. ಈ ತುಕಡಿಯು ಫ್ರಾನ್ಸ್ ನಿರ್ಮಿತ ಮಿಸ್ಟೇರ್ ವಿಮಾನಗಳನ್ನು ಬಳಸುತ್ತಿತ್ತು.

ಸರ್ಗೋಧಾ ದಾಳಿ

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನವು ಪಠಾಣ್‌ಕೋಟ್ ಮತ್ತಿತರ ವಾಯುನೆಲೆಗಳ ಮೇಲೆ ದಾಳಿ ನಡೆಸಿತು. ಇದಕ್ಕೆ ಪ್ರತಿಯಾಗಿ ಮರುದಿನ ಮುಂಜಾನೆ ಸರ್ಗೋಧಾ ನೆಲೆಯ ಮೇಲೆ ಎರಗುವ ಹೊಣೆ 1ನೇ ಸ್ಕ್ವಾಡ್ರನ್‌ಗೆ ಬಂದಿತು. ದಾಳಿಯ ನಾಯಕತ್ವ ವಿಂಗ್ ಕಮಾಂಡರ್ ಓಂಪ್ರಕಾಶ್ ತನೇಜಾ ಅವರದಾಗಿತ್ತು. ದಾಳಿಗೆ 12 ವಿಮಾನಗಳನ್ನು ಗೊತ್ತುಪಡಿಸಿ, ಎರಡನ್ನು ಮೀಸಲಿಡಲಾಗಿತ್ತು. ದೇವಯ್ಯನವರು ಮೀಸಲು ಚಾಲಕರಲ್ಲಿ ಒಬ್ಬರು. ತಂಡದ ಯಾವುದಾದರೂ ವಿಮಾನ ಹಿಂದುಳಿದರೆ ಆ ಸ್ಥಾನವನ್ನು ತುಂಬುವುದು ಅವರ ಕರ್ತವ್ಯ. ಹಾಗೆ ತೆರವಾದ ಸ್ಥಾನವನ್ನು ತುಂಬಿ ಅವರು ದಾಳಿಯ ತಂಡವನ್ನು ಕೂಡಿಕೊಂಡರು.

ರೇಡಾರ್ ಕಣ್ಣು ತಪ್ಪಿಸಲು ವಿಮಾನಗಳು ಅತಿ ತಗ್ಗಿನಲ್ಲಿ ಹಾರಬೇಕಿತ್ತು. ಇಂಧನವೂ ಮಿತವಾಗಿತ್ತು. ಆದ್ದರಿಂದ ಗುರಿಯನ್ನು ಮುಟ್ಟಿ ಕೂಡಲೇ ಹಿಂದಿರುಗುವುದು ಅನಿವಾರ್ಯವಾಗಿತ್ತು.

ಆಕಾಶಕಾಳಗ

ಹಿಂದಿರುಗುವಾಗ ದೇವಯ್ಯನವರ ವಿಮಾನವನ್ನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ನಡೆಸುತ್ತಿದ್ದ ಅಮೆರಿಕ ನಿರ್ಮಿತ ಸ್ಟಾರ್‌ಫೈಟರ್ ಬೆನ್ನಟ್ಟಿತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ಅದಕ್ಕೆ ಸಾಟಿಯಾಗಿರಲಿಲ್ಲ. ತಮ್ಮ ವಿಮಾನಕ್ಕೆ ಪೆಟ್ಟುಬಿದ್ದರೂ ದೇವಯ್ಯನವರು ಪಲಾಯನ ಮಾಡದೆ ತಿರುಗಿ ಹೋರಾಡಿದರು. ಸ್ಟಾರ್‌ಫೈಟರ್ ಪತನವಾಗಿ, ಅಮ್ಜದ್ ಹುಸೇನ್ ಧುಮುಕುಕೊಡೆಯ ನೆರವಿನಿಂದ ಪಾರಾದರು. ದೇವಯ್ಯನವರ ವಿಮಾನವೂ ಪಾಕಿಸ್ತಾನದ ನೆಲದಲ್ಲಿಯೇ ಬಿದ್ದಿತು. ಸ್ಟಾರ್‌ಫೈಟರ್ ಗುಂಡಿನೇಟಿನಿಂದ ಬಿದ್ದಿತೇ, ಡಿಕ್ಕಿಯಿಂದಲೇ ಎಂಬುದರಲ್ಲಿ ಭಿನ್ನ ವಿವರಣೆಗಳಿವೆ. ಈ ಕಾಳಗದಲ್ಲಿಯೇ ಬಿದ್ದಿತೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ತಡವಾಗಿ ಬಂದ ಮನ್ನಣೆ

ಈ ಹೋರಾಟವನ್ನು ಸಹಯೋಧರಾರೂ ಕಂಡಿರಲಿಲ್ಲ. ತಂಡ ಆದಂಪುರಕ್ಕೆ ಮರಳಿದಾಗ ದೇವಯ್ಯನವರು ಬರಲಿಲ್ಲ ಎಂಬುದಷ್ಟೇ ತಿಳಿದಿತ್ತು. ಅವರನ್ನು ಕಾಣೆಯಾದವರೆಂದು ದಾಖಲಿಸಲಾಯಿತು. ಸಾಕ್ಷಿಯಿಲ್ಲದ ಶೌರ್ಯಕ್ಕೆ ಪದಕ ದೊರೆಯುವ ಅವಕಾಶವಿರಲಿಲ್ಲ.

ಸತ್ಯವು ಕೊನೆಗೆ ಎದುರಾಳಿಯ ಕಡೆಯಿಂದಲೇ ಹೊರಬಂದಿತು. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನ ವಾಯುಪಡೆಯ ನೆರವಿನಿಂದ ಬರೆದು 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸ್ಟಾರ್‌ಫೈಟರೊಂದು ಮಿಸ್ಟೇರ್ ವಿಮಾನದೊಡನೆ ಹೋರಾಡುತ್ತ ಬಿದ್ದ ಸಂಗತಿಯಿತ್ತು. ಅಂದು ಮರಳದಿದ್ದ ಮಿಸ್ಟೇರ್ ದೇವಯ್ಯನವರದೆಂಬುದು ಇದರಿಂದ ಸ್ಪಷ್ಟವಾಯಿತು. ದಾಳಿಯ ನಾಯಕರಾಗಿದ್ದ ತನೇಜಾ ಅವರು ತಮ್ಮ ತಂಡದ ಯೋಧನಿಗೆ ಮನ್ನಣೆ ದೊರೆಯಬೇಕೆಂದು ಒತ್ತಾಯಿಸಿದರು. ಯುದ್ಧ ಮುಗಿದು ಎರಡು ದಶಕಗಳು ಸಂದರೂ ತನ್ನೊಡನೆ ಹಾರಿದವರ ಹೊಣೆಯನ್ನು ನಾಯಕ ಮರೆಯಲಿಲ್ಲ. 1988ರಲ್ಲಿ ದೇಶದ ಎರಡನೆಯ ಅತ್ಯುನ್ನತ ಯುದ್ಧಶೌರ್ಯ ಪ್ರಶಸ್ತಿಯಾದ ಮಹಾವೀರ ಚಕ್ರವನ್ನು ದೇವಯ್ಯನವರ ಪತ್ನಿ ಸ್ವೀಕರಿಸಿದರು.

ಸ್ಮರಣೆ

ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವೂ ಪ್ರತಿಮೆಯೂ ಇವೆ. ಸರ್ಗೋಧಾ ದಾಳಿಯಿಂದ ಪ್ರೇರಿತವಾದ ಹಿಂದಿ ಚಲನಚಿತ್ರ ಸ್ಕೈ ಫೋರ್ಸ್ 2025ರಲ್ಲಿ ತೆರೆಕಂಡಿತು.