46 ವರ್ಷದ ವಿಂಗರ್‌ನ ಯಾರು ತಗೋತಾರೆ?

ನಿಮ್ಮ ಫೇವರಿಟ್ ಕ್ಲಬ್‌ಗೆ ಒಬ್ಬ ರೈಟ್ ವಿಂಗರ್ ಬೇಕು ಅಂತ ಇಟ್ಕೊಳ್ಳಿ. ಮಾರ್ಕೆಟ್‌ನಲ್ಲಿ ಒಬ್ಬರು ಸಿಗ್ತಾರೆ. ವಯಸ್ಸು 46. ಕಳೆದ 14 ವರ್ಷದಲ್ಲಿ 379 ಲೀಗ್ ಪಂದ್ಯ ಆಡಿ ಹೊಡೆದ ಗೋಲು ಬರೀ 17. ತಗೋತೀರಾ? ನಮ್ಮ ಹಾಸ್ಟೆಲ್‌ನಲ್ಲಿ ಯಾರಾದರೂ ಈ ಹೆಸರು ಹೇಳಿದರೆ ಇಡೀ ಸೀಸನ್ ಅವನ ಕಾಲು ಎಳೆಯೋದು ಗ್ಯಾರಂಟಿ.

ಆದರೆ 1961ರಲ್ಲಿ ಇಂಗ್ಲೆಂಡಿನ ಸ್ಟೋಕ್ ಸಿಟಿ ಕ್ಲಬ್ ಈ ಆಟಗಾರನನ್ನೇ 3,500 ಪೌಂಡ್ ಕೊಟ್ಟು ತಗೊಂಡಿತು. ಅವರೇ ಸ್ಟ್ಯಾನ್ಲಿ ಮ್ಯಾಥ್ಯೂಸ್. ನಾವೆಲ್ಲ ಹುಟ್ಟುವ ಮೊದಲೇ ತೀರಿಹೋದವರು. ಅವರನ್ನು ಇಟ್ಟುಕೊಳ್ಳಬೇಕಾ, ಮಾರಬೇಕಾ, ವಾಪಸ್ ತರಬೇಕಾ ಅನ್ನೋ ಚರ್ಚೆ ಅವರ ಆಟದ ಬದುಕಿನ ಉದ್ದಕ್ಕೂ ನಡೆಯಿತು. ಆದರೆ ಆ ಚರ್ಚೆಯಲ್ಲಿ ತುಂಬಾ ವರ್ಷ ಬೆಲೆ ಇಲ್ಲದೇ ಇದ್ದದ್ದು ಅವರ ಸ್ವಂತ ಮಾತಿಗೆ.

ಮ್ಯಾಥ್ಯೂಸ್ ಹುಟ್ಟಿದ್ದು 1915ರ ಫೆಬ್ರವರಿ 1ರಂದು, ಸ್ಟೋಕ್-ಆನ್-ಟ್ರೆಂಟ್‌ನ ಹ್ಯಾನ್ಲಿಯಲ್ಲಿ. ಪಿಂಗಾಣಿ ಕಪ್ಪು, ತಟ್ಟೆ ಮಾಡುವ ಗೂಡುಗಳಿಗೆ ಹೆಸರಾದ ಊರು ಅದು. ಅಪ್ಪ ಜ್ಯಾಕ್ ಮ್ಯಾಥ್ಯೂಸ್ ಹಗಲು ಕಟಿಂಗ್ ಶಾಪ್ ನಡೆಸುತ್ತಿದ್ದರು, ಜೊತೆಗೆ ಬಾಕ್ಸಿಂಗ್ ಕೂಡ ಆಡುತ್ತಿದ್ದರು. ಮಗನೂ ಬಾಕ್ಸರ್ ಆಗಲಿ ಅನ್ನೋದು ಅವರ ಆಸೆ. ಮಗನಿಗೆ ಬೇಕಾಗಿದ್ದು ಫುಟ್‌ಬಾಲ್. ಆದರೂ ಬೆಳಗ್ಗೆ ಬೇಗ ಎದ್ದು ವ್ಯಾಯಾಮ ಮಾಡೋ ಅಭ್ಯಾಸ ಅಪ್ಪನಿಂದಲೇ ಬಂತು, ಅದು ಕೊನೆವರೆಗೂ ಹೋಗಲಿಲ್ಲ.

15ನೇ ವಯಸ್ಸಿಗೆ ಸ್ಟೋಕ್ ಸಿಟಿಯ ಆಫೀಸಿನಲ್ಲಿ ಹುಡುಗನಾಗಿ ಸೇರಿದರು. 17 ತುಂಬಿದ ದಿನವೇ ವೃತ್ತಿಪರ ಆಟಗಾರನಾಗಿ ಸಹಿ. 1934ರ ಸೆಪ್ಟೆಂಬರ್‌ನಲ್ಲಿ ವೇಲ್ಸ್ ವಿರುದ್ಧ ಇಂಗ್ಲೆಂಡ್ ಪರ ಮೊದಲ ಪಂದ್ಯ, ಅದರಲ್ಲೇ ಒಂದು ಗೋಲು. ಆಗ ಅವರಿಗೆ 19. ಅಂದ್ರೆ ನಾವು ಥರ್ಡ್ ಸೆಮ್ ಇಂಟರ್ನಲ್ಸ್‌ಗೆ ಓದೋ ವಯಸ್ಸು.

ಆಗಿನ ವಿಂಗರ್ ಕೆಲಸ ಈಗಿನ ಥರ ಇರಲಿಲ್ಲ. ಈಗಿನ ವಿಂಗರ್‌ಗಳು ಬಲಗಡೆಯಿಂದ ಒಳಕ್ಕೆ ನುಗ್ಗಿ ಎಡಗಾಲಲ್ಲಿ ಶಾಟ್ ಹೊಡೀತಾರೆ. ಆಗ 7ನೇ ನಂಬರ್ ಅಂದರೆ ಗೆರೆ ಪಕ್ಕದಲ್ಲೇ ಇರಬೇಕು, ಫುಲ್‌ಬ್ಯಾಕ್‌ನ ದಾಟಿ ಹೊರಗಡೆಯಿಂದ ಹೋಗಬೇಕು, ಮಧ್ಯಕ್ಕೆ ಕ್ರಾಸ್ ಕೊಡಬೇಕು. ಗೋಲು ಹೊಡೆಯೋದು ಬೇರೆಯವರು. ಮ್ಯಾಥ್ಯೂಸ್ ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಟ್ರಿಕ್. ಚೆಂಡನ್ನು ಕಾಲ ಹತ್ತಿರ ಇಟ್ಟುಕೊಂಡು ನಿಧಾನವಾಗಿ ಡಿಫೆಂಡರ್ ಎದುರಿಗೆ ಬರೋದು, ಎಡಕ್ಕೆ ಭುಜ ವಾಲಿಸೋದು, ಅವನು ಆ ಕಡೆ ವಾಲಿದ ತಕ್ಷಣ ಬಲಗಡೆಯಿಂದ ಹೋಗಿಬಿಡೋದು. ಮೊದಲ ಕೆಲವು ಗಜದಲ್ಲಿ ಅವರಿಗಿದ್ದ ವೇಗವೇ ಗುಟ್ಟು. ಏನು ಮಾಡ್ತಾರೆ ಅಂತ ಡಿಫೆಂಡರ್‌ಗಳಿಗೂ ಗೊತ್ತಿತ್ತು. ಆದರೂ ತಡೆಯೋಕೆ ಆಗ್ತಿರಲಿಲ್ಲ.

1938ರ ಫೆಬ್ರವರಿಯಲ್ಲಿ ಮ್ಯಾಥ್ಯೂಸ್ ಕ್ಲಬ್ ಬಿಡೋಕೆ ಅನುಮತಿ ಕೇಳಿದರು. ಊರು ಎದ್ದು ನಿಂತಿತು. ಸ್ಟೋಕ್‌ನಲ್ಲಿ ಪ್ರತಿಭಟನಾ ಸಭೆ ಕರೆದರು. ಒಳಗೆ 3,000ಕ್ಕೂ ಹೆಚ್ಚು ಜನ, ಹೊರಗೆ ಇನ್ನೂ ಸಾವಿರ ಜನ, ಕೈಯಲ್ಲಿ ಫಲಕಗಳು. ಎಲ್ಲರದ್ದೂ ಒಂದೇ ಬೇಡಿಕೆ, ಮ್ಯಾಥ್ಯೂಸ್ ಹೋಗಬಾರದು. ಕೊನೆಗೆ ಅವರು ಉಳಿದರು.

ಇದನ್ನ ಓದಿದಾಗ ಎಂಥಾ ಅಭಿಮಾನ ಅಂತ ಖುಷಿ ಆಗುತ್ತೆ. ಆದರೆ ಇನ್ನೊಂದು ಮುಖ ನೋಡಿ. 23 ವರ್ಷದ ಹುಡುಗ ಎಲ್ಲಿ ಕೆಲಸ ಮಾಡಬೇಕು ಅಂತ ಊರು ತೀರ್ಮಾನ ಮಾಡಿತು. ಆಗಿನ ಇಂಗ್ಲಿಷ್ ಫುಟ್‌ಬಾಲ್‌ನ ನಿಯಮ ಹೇಗಿತ್ತು ಅಂದರೆ, ಕಾಂಟ್ರಾಕ್ಟ್ ಮುಗಿದ ಮೇಲೂ ಹಳೆಯ ಕ್ಲಬ್ ಒಪ್ಪದೆ ಆಟಗಾರ ಬೇರೆ ಲೀಗ್ ಕ್ಲಬ್‌ಗೆ ಹೋಗುವಂತಿಲ್ಲ. ಪ್ಲೇಸ್‌ಮೆಂಟ್‌ನಲ್ಲಿ ಎರಡು ವರ್ಷದ ಬಾಂಡ್ ಇದೆ ಅಂದರೆ ನಾವು ಮುಖ ಸಿಂಡರಿಸ್ತೀವಿ ಅಲ್ವಾ? ಇದು ಮುಗಿಯದ ಬಾಂಡ್. ಅದರ ಮೇಲೆ ಸಂಬಳಕ್ಕೂ ಮಿತಿ. ಯುದ್ಧಕ್ಕೆ ಮೊದಲು ವಾರಕ್ಕೆ 8 ಪೌಂಡ್‌ಗಿಂತ ಹೆಚ್ಚು ಯಾರಿಗೂ ಕೊಡುವಂತಿರಲಿಲ್ಲ. ಮೈದಾನ ತುಂಬಿಸುವ ಮ್ಯಾಥ್ಯೂಸ್‌ಗೂ ಅಷ್ಟೇ, ಅವರ ಪಕ್ಕ ಆಡೋ ಸಾಧಾರಣ ಆಟಗಾರನಿಗೂ ಅಷ್ಟೇ.

ಎರಡನೇ ಮಹಾಯುದ್ಧ ಅವರ 24ರಿಂದ 30ರವರೆಗಿನ ವಯಸ್ಸನ್ನು ನುಂಗಿತು. ವಾಯುಪಡೆಯಲ್ಲಿ ಸೇರಿ, ಸಮುದ್ರ ತೀರದ ಬ್ಲ್ಯಾಕ್‌ಪೂಲ್ ಊರಿನ ಹತ್ತಿರ ಪೋಸ್ಟಿಂಗ್ ಆದರು. ಅಲ್ಲಿನ ಕ್ಲಬ್‌ಗೆ ಅತಿಥಿ ಆಟಗಾರನಾಗಿ ಆಡಿದರು, ಮನೆ ಮಾಡಿದರು. ಯುದ್ಧ ಮುಗಿದ ಮೇಲೆ ಸ್ಟೋಕ್‌ನ ಮ್ಯಾನೇಜರ್ ಬಾಬ್ ಮ್ಯಾಗ್ರೋರಿ ಜೊತೆ ಸರಿ ಬರಲಿಲ್ಲ. ಗಾಯದಿಂದ ವಾಪಸ್ ಬಂದಾಗ ರಿಸರ್ವ್ ಟೀಮ್‌ನಲ್ಲಿ ಆಡು ಅಂದರು, ಇವರು ಆಗಲ್ಲ ಅಂದರು. 1947ರ ಮೇ 10ರಂದು ಸ್ಟೋಕ್ ಅವರನ್ನು ಬ್ಲ್ಯಾಕ್‌ಪೂಲ್‌ಗೆ 11,500 ಪೌಂಡ್‌ಗೆ ಮಾರಿತು. ವಯಸ್ಸು 32 ಆಗಿತ್ತು. ಆ ಕಾಲಕ್ಕೆ ವಿಂಗರ್ ಒಬ್ಬನ ಕಥೆ ಬಹುತೇಕ ಮುಗಿಯೋ ವಯಸ್ಸು.

ಆ ವರ್ಷ ಸ್ಟೋಕ್ ಲೀಗ್ ಗೆಲ್ಲುವ ರೇಸ್‌ನಲ್ಲೇ ಇತ್ತು. ಜೂನ್ 14ರಂದು ಶೆಫೀಲ್ಡ್ ಯುನೈಟೆಡ್ ವಿರುದ್ಧದ ಕೊನೆಯ ಪಂದ್ಯ ಗೆದ್ದಿದ್ದರೆ ಚಾಂಪಿಯನ್. 2-1ರಿಂದ ಸೋತರು, 4ನೇ ಸ್ಥಾನಕ್ಕೆ ಇಳಿದರು. ಮ್ಯಾಥ್ಯೂಸ್ ಇದ್ದಿದ್ದರೆ ಗೆಲ್ಲುತ್ತಿತ್ತಾ ಅಂತ ಯಾರೂ ಲೆಕ್ಕ ಹಾಕಿ ಹೇಳೋಕಾಗಲ್ಲ. ಆದರೆ ಆಮೇಲೆ ಸ್ಟೋಕ್ ಸಿಟಿ ಇಂಗ್ಲೆಂಡಿನ ಮೊದಲ ಡಿವಿಷನ್ ಲೀಗನ್ನು ಒಮ್ಮೆಯೂ ಗೆದ್ದಿಲ್ಲ.

11,500 ಪೌಂಡ್ ಬಂದದ್ದು ಸ್ಟೋಕ್ ಕ್ಲಬ್‌ಗೆ. 1947ರಲ್ಲಿ ಸಂಬಳದ ಮಿತಿ ವಾರಕ್ಕೆ 12 ಪೌಂಡ್ ಆಯಿತು. ಕ್ಯಾಲ್ಕುಲೇಟರ್ ತೆಗೀರಿ. ವರ್ಷವಿಡೀ ವಾರಕ್ಕೆ 12 ಪೌಂಡ್ ಸಿಕ್ಕರೂ ಅಷ್ಟು ದುಡ್ಡು ದುಡಿಯೋಕೆ ಒಬ್ಬ ಆಟಗಾರನಿಗೆ 18 ವರ್ಷಕ್ಕೂ ಹೆಚ್ಚು ಬೇಕು.

ಬ್ಲ್ಯಾಕ್‌ಪೂಲ್‌ನಲ್ಲಿ ಅವರು 14 ವರ್ಷ ಆಡಿದರು. 1948ರಲ್ಲಿ ಎಫ್‌ಎ ಕಪ್ ಫೈನಲ್ ಸೋತರು, 1951ರಲ್ಲಿ ಮತ್ತೆ ಸೋತರು. 1953ರ ಮೇ 2ರಂದು ವೆಂಬ್ಲಿಯಲ್ಲಿ ಬೋಲ್ಟನ್ ವಿರುದ್ಧ ಮೂರನೇ ಫೈನಲ್. ಆಗ ಮ್ಯಾಥ್ಯೂಸ್‌ಗೆ 38. ಸುಮಾರು 20 ನಿಮಿಷ ಉಳಿದಿರುವಾಗ ಬ್ಲ್ಯಾಕ್‌ಪೂಲ್ 3-1ರಿಂದ ಹಿಂದೆ ಇತ್ತು. ಬೋಲ್ಟನ್‌ನ ಎಡಗಡೆಯ ಆಟಗಾರರು ಗಾಯ, ಸೆಳೆತದಿಂದ ಕುಂಟುತ್ತಿದ್ದರು, ಆ ಕಾಲದಲ್ಲಿ ಸಬ್‌ಸ್ಟಿಟ್ಯೂಟ್ ಇಲ್ಲ. ಬ್ಲ್ಯಾಕ್‌ಪೂಲ್‌ನವರು ಚೆಂಡನ್ನೆಲ್ಲ ಬಲಗಡೆಗೆ, ಮ್ಯಾಥ್ಯೂಸ್ ಕಾಲಿಗೆ ಕೊಡೋಕೆ ಶುರು ಮಾಡಿದರು. ಅವರ ಕ್ರಾಸ್‌ನಿಂದ ಸ್ಟ್ಯಾನ್ ಮಾರ್ಟೆನ್ಸನ್ ಒಂದು ಗೋಲು ಹೊಡೆದರು, ಆಮೇಲೆ ಫ್ರೀ ಕಿಕ್‌ನಲ್ಲಿ ಇನ್ನೊಂದು. ಕೊನೇ ಗಳಿಗೆಯಲ್ಲಿ ಮ್ಯಾಥ್ಯೂಸ್ ಮತ್ತೆ ಫುಲ್‌ಬ್ಯಾಕ್‌ನ ದಾಟಿ ಹಿಂದಕ್ಕೆ ಕೊಟ್ಟ ಚೆಂಡನ್ನ ಬಿಲ್ ಪೆರಿ ಒಳಗೆ ತಳ್ಳಿದರು. 4-3.

ಮಾರ್ಟೆನ್ಸನ್ ಅವತ್ತು ಹ್ಯಾಟ್ರಿಕ್ ಹೊಡೆದಿದ್ದರು. ಮ್ಯಾಥ್ಯೂಸ್ ಹೊಡೆದ ಗೋಲು ಸೊನ್ನೆ. ಆದರೂ ಆ ಪಂದ್ಯಕ್ಕೆ ಇಂದಿಗೂ ಮ್ಯಾಥ್ಯೂಸ್ ಫೈನಲ್ ಅಂತಲೇ ಹೆಸರು. ಆ ಹೆಸರು ಅವರಿಗೇ ಇಷ್ಟ ಇರಲಿಲ್ಲ, ಮಾರ್ಟೆನ್ಸನ್‌ಗೆ ಅನ್ಯಾಯ ಅಂತ ಅವರ ಅಭಿಪ್ರಾಯ. ನನಗೂ ಹಾಗೇ ಅನಿಸುತ್ತೆ. ಆದರೆ ಬರೀ ಗೋಲು ಎಣಿಸಿದರೆ ವಿಂಗರ್‌ನ ಬೆಲೆ ಗೊತ್ತಾಗಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

1956ರಲ್ಲಿ ಬ್ಯಾಲನ್ ಡಿ'ಓರ್ ಶುರುವಾಯಿತು. ಮೊದಲ ಪ್ರಶಸ್ತಿ 41 ವರ್ಷದ ಮ್ಯಾಥ್ಯೂಸ್‌ಗೆ. ರಿಯಲ್ ಮ್ಯಾಡ್ರಿಡ್‌ನ ಡಿ ಸ್ಟೆಫಾನೋ ಎರಡನೇ ಸ್ಥಾನ. ಮರುವರ್ಷ 42ನೇ ವಯಸ್ಸಿನಲ್ಲಿ ಇಂಗ್ಲೆಂಡ್ ಪರ 54ನೇ ಮತ್ತು ಕೊನೆಯ ಪಂದ್ಯ. ಅಷ್ಟು ವರ್ಷ ಹೇಗೆ ಆಡಿದರು ಅಂತ ಕೇಳಿದರೆ ಉತ್ತರ ಬೋರಿಂಗ್ ಆಗಿದೆ. ಕುಡಿಯಲ್ಲ, ಸೇದಲ್ಲ, ದಿನಾ ಬೆಳಗ್ಗೆ ತಪ್ಪದೆ ವ್ಯಾಯಾಮ. ಸೋಮವಾರ ಊಟ ಬಿಡೋ ಪದ್ಧತಿನೂ ಇತ್ತು. ನಮ್ಮ ಅಜ್ಜಿಯಂದಿರಿಗೆ ಇವರು ತುಂಬಾ ಇಷ್ಟ ಆಗಿಬಿಡ್ತಿದ್ದರು! ಇಷ್ಟು ಉದ್ದದ ಬದುಕಿನಲ್ಲಿ ರೆಫರಿ ಒಮ್ಮೆಯೂ ಅವರನ್ನು ಮೈದಾನದಿಂದ ಹೊರಗೆ ಕಳಿಸಲಿಲ್ಲ. ಡಿಫೆಂಡರ್‌ಗಳು ಎಷ್ಟು ಒದ್ದರೂ ತಿರುಗಿ ಒದೆಯಲಿಲ್ಲ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. 1961ರಲ್ಲಿ ಸ್ಟೋಕ್ ಎರಡನೇ ಡಿವಿಷನ್‌ನಲ್ಲಿ ಒದ್ದಾಡುತ್ತಿತ್ತು. ಸ್ಟೇಡಿಯಂ ಖಾಲಿ. ಹೊಸ ಮ್ಯಾನೇಜರ್ ಟೋನಿ ವ್ಯಾಡಿಂಗ್ಟನ್ ಮ್ಯಾಥ್ಯೂಸ್‌ನ ವಾಪಸ್ ಕರೆದರು. ಅದೇ ವರ್ಷದ ಜನವರಿಯಲ್ಲಿ ಆಟಗಾರರು ಹೋರಾಡಿ ಸಂಬಳದ ಮಿತಿ ತೆಗೆಸಿದ್ದರು, ಹಾಗಾಗಿ ವಾರಕ್ಕೆ 50 ಪೌಂಡ್ ಕೊಡೋದು ಸಾಧ್ಯವಾಯಿತು. ಅವರು ಬರುವ ಮೊದಲಿನ ಹೋಮ್ ಪಂದ್ಯಕ್ಕೆ ಬಂದಿದ್ದವರು 8,409 ಜನ. ಅಕ್ಟೋಬರ್ 28ರಂದು ಹಡರ್ಸ್‌ಫೀಲ್ಡ್ ವಿರುದ್ಧ ಮ್ಯಾಥ್ಯೂಸ್ ಇಳಿದಾಗ 35,974 ಜನ. ನಾಲ್ಕು ಪಟ್ಟಿಗೂ ಹೆಚ್ಚು. ಸ್ಟೋಕ್ 3-0ಯಿಂದ ಗೆದ್ದಿತು.

ಬರೀ ಟಿಕೆಟ್ ಮಾರೋಕೆ ತಂದ ಹಳೇ ಹೆಸರು ಅಂತ ಯಾರಾದರೂ ಅಂದುಕೊಂಡಿದ್ದರೆ ಉತ್ತರ 1963ರ ಮೇನಲ್ಲಿ ಸಿಕ್ಕಿತು. ಲೂಟನ್ ವಿರುದ್ಧ ಗೆದ್ದು ಸ್ಟೋಕ್ ಎರಡನೇ ಡಿವಿಷನ್ ಚಾಂಪಿಯನ್ ಆಗಿ ಮೇಲಕ್ಕೆ ಹೋಯಿತು. ಆ ಪಂದ್ಯದಲ್ಲಿ ಮ್ಯಾಥ್ಯೂಸ್ ಒಂದು ಗೋಲು ಹೊಡೆದರು, ಆ ಸೀಸನ್‌ನ ಅವರ ಏಕೈಕ ಗೋಲು. ವಯಸ್ಸು 48. ಅದೇ 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಅನ್ನೋ ಆಟಗಾರ ಕೋರ್ಟಿಗೆ ಹೋಗಿ, ಕಾಂಟ್ರಾಕ್ಟ್ ಮುಗಿದವರನ್ನೂ ಕಟ್ಟಿಹಾಕೋ ಆ ಹಳೇ ಪದ್ಧತಿ ಕಾನೂನಿಗೆ ವಿರುದ್ಧ ಅಂತ ತೀರ್ಪು ಪಡೆದರು. ಮ್ಯಾಥ್ಯೂಸ್ ಪಾಲಿಗೆ ಅದು 25 ವರ್ಷ ತಡ.

1965ರ ಹೊಸ ವರ್ಷಕ್ಕೆ ಅವರಿಗೆ ಸರ್ ಪದವಿ ಘೋಷಣೆಯಾಯಿತು. ಫೆಬ್ರವರಿ 6ರಂದು, 50 ತುಂಬಿ ಐದು ದಿನಕ್ಕೆ, ಫುಲ್‌ಹ್ಯಾಮ್ ವಿರುದ್ಧ ಕೊನೆಯ ಲೀಗ್ ಪಂದ್ಯ. ಸ್ವಲ್ಪ ಬೇಗ ನಿಲ್ಲಿಸಿಬಿಟ್ಟೆ ಅನ್ನೋ ಬೇಸರ ಅವರಿಗೆ ಆಮೇಲೂ ಇತ್ತಂತೆ.

ನಂತರ ಆಫ್ರಿಕಾದ ದೇಶಗಳಲ್ಲಿ ಮಕ್ಕಳಿಗೆ ಆಟ ಕಲಿಸಿದರು. ವರ್ಣಭೇದ ನೀತಿ ಜೋರಾಗಿದ್ದಾಗಲೇ, 1975ರಲ್ಲಿ, ಸೊವೆಟೋದ ಕಪ್ಪು ವಿದ್ಯಾರ್ಥಿಗಳ ಒಂದು ತಂಡ ಕಟ್ಟಿ ಬ್ರೆಜಿಲ್‌ಗೆ ಕರೆದುಕೊಂಡು ಹೋದರು. ತಾವು ಎಲ್ಲಿ ಆಡಬೇಕು ಅಂತ ಬೇರೆಯವರು ತೀರ್ಮಾನ ಮಾಡ್ತಿದ್ದ ಕಾಲ ನೋಡಿದ್ದವರು ಅವರು. ಆ ಹುಡುಗರ ಸ್ಥಿತಿ ಅದಕ್ಕಿಂತ ಎಷ್ಟೋ ಕೆಟ್ಟದಾಗಿತ್ತು.

2000ದ ಫೆಬ್ರವರಿ 23ರಂದು, 85ನೇ ವಯಸ್ಸಿನಲ್ಲಿ ಮ್ಯಾಥ್ಯೂಸ್ ತೀರಿಕೊಂಡರು. ಅವರ ಚಿತಾಭಸ್ಮವನ್ನು ಸ್ಟೋಕ್‌ನ ಈಗಿನ ಸ್ಟೇಡಿಯಂನ ಸೆಂಟರ್ ಸರ್ಕಲ್ ಕೆಳಗೆ ಹೂಳಿದ್ದಾರೆ. ಆ ಊರಿನವರು 1938ರಲ್ಲಿ ಅವರನ್ನು ಹೋಗೋಕೆ ಬಿಡಲಿಲ್ಲ, 1947ರಲ್ಲಿ ಕ್ಲಬ್ ಮಾರಿತು, 1961ರಲ್ಲಿ ಅವರು ತಾವೇ ಒಪ್ಪಿ ವಾಪಸ್ ಬಂದರು. ಮೂರರಲ್ಲಿ ಸ್ಟೋಕ್‌ಗೆ ನಿಜವಾಗಿ ಲಾಭ ಆಗಿದ್ದು ಕೊನೆಯದರಲ್ಲಿ ಅಂತ ನನಗನಿಸುತ್ತೆ.